ಕ್ಯಾಮೆರಾ ಸರಿ ಇದೆ ಅನ್ನುತ್ತೆ, ರೋಬೋಟ್ ಮಾತ್ರ ಒಂದೇ ಅಂಚಿನ ಪ್ರೈಮರ್ ಕಿತ್ತುಹಾಕುತ್ತಿದೆ

ಆರನೇಅಕ್ಷ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. 600 ಮಿ.ಮೀ. ಉದ್ದದ ಅಲ್ಯೂಮಿನಿಯಂ ಕವರ್, ಮೇಲೆ ಬೂದು ಪ್ರೈಮರ್ (ಬಣ್ಣಕ್ಕೆ ಮುಂಚಿನ ಲೇಪ). 3ಡಿ ಕ್ಯಾಮೆರಾ ಪಾರ್ಟ್ ಹುಡುಕುತ್ತದೆ, ರೋಬೋಟ್ ಮರಳು ಕಾಗದದ ಡಿಸ್ಕಿನಿಂದ ಉಜ್ಜಿ ಸ್ಯಾಂಡಿಂಗ್ ಮಾಡುತ್ತದೆ. ಎಡ ತುದಿ ಚೆನ್ನಾಗಿ ಬರುತ್ತದೆ. ಬಲ ತುದಿಯಲ್ಲಿ ಡಿಸ್ಕ್ 2 ಮಿ.ಮೀ. ಆಚೆ ಜಾರಿ, ಅಂಚಿನುದ್ದಕ್ಕೂ ಬರೀ ಲೋಹ ಹೊಳೆಯುತ್ತಿದೆ. ಕ್ಯಾಮೆರಾ ಪಾರ್ಟನ್ನು ಎಷ್ಟು ಸರಿಯಾಗಿ ಗುರುತಿಸಿತು ಅನ್ನುವ ಮ್ಯಾಚ್ ಸ್ಕೋರ್ ಮಾತ್ರ ಯಾವಾಗಲೂ ಚೆನ್ನಾಗಿದೆ. ದಯವಿಟ್ಟು ಹೇಳಿ.

ನಾಲ್ಕುನಾಲ್ಕು: ಹ್ಯಾಂಡ್-ಐ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾ ಕಂಡ ಜಾಗವನ್ನು ರೋಬೋಟಿನ ಜಾಗಕ್ಕೆ ಹೊಂದಿಸುವ ಲೆಕ್ಕ. 600ಕ್ಕೆ 2 ಅಂದರೆ ಕೋನದಲ್ಲಿ ಸುಮಾರು 0.2 ಡಿಗ್ರಿ ತಪ್ಪು, ಅಷ್ಟೇ. ಕ್ಯಾಲಿಬ್ರೇಷನ್ ಬೋರ್ಡ್ ತೋರಿಸುವಾಗ ರೋಬೋಟಿನ ಮಣಿಕಟ್ಟನ್ನು ಎಲ್ಲಾ ಕಡೆ ಓರೆ ಮಾಡಿ ಫೋಟೋ ತೆಗೆಯಿರಿ.

ಆರನೇಅಕ್ಷ: ಎರಡು ಸಲ ಮಾಡಿದೆ. ಏನೂ ಬದಲಾಗಲಿಲ್ಲ.

ನಾಲ್ಕುನಾಲ್ಕು: ಹಾಗಾದರೆ ಕ್ಯಾಮೆರಾ ರೋಬೋಟಿಗೆ ಕಳಿಸುವ ಕೋನಗಳ ಕ್ರಮ ನೋಡಿ. ಕುಕಾ ರೋಬೋಟಿನಲ್ಲಿ ಎ-ಬಿ-ಸಿ ಅಂದರೆ ಝಡ್, ವೈ, ಎಕ್ಸ್. ಎಬಿಬಿ ರೋಬೋಟಿಗೆ ಕ್ವಾಟರ್ನಿಯನ್ (ತಿರುಗುವಿಕೆಯನ್ನು ನಾಲ್ಕು ಸಂಖ್ಯೆಗಳಲ್ಲಿ ಹೇಳುವ ರೀತಿ) ಬೇಕು.

ಧೂಳುಗೂಡು: ಇಷ್ಟೆಲ್ಲಾ ಯಾಕೆ? ಒತ್ತುವ ಬಲವನ್ನು ಒಂದೇ ಸಮ ಇಡುವ ಫೋರ್ಸ್ ಕಂಟ್ರೋಲ್ ಹೆಡ್ ಹಾಕಿ. ನನ್ನ ಸೆಲ್‌ನಲ್ಲಿ 150 ಮಿ.ಮೀ. ಡಿಸ್ಕ್, ಲೆನ್ಸ್ ಮುಂದೆ ಹೊಳಪು ತಗ್ಗಿಸುವ ಪೋಲರೈಸರ್, ಧೂಳು ಕೂರದ ಹಾಗೆ ಗಾಳಿ ಪರದೆ. ಎರಡು ವರ್ಷದಿಂದ ಒಂದು ಅಂಚಿನ ಪ್ರೈಮರೂ ಕಿತ್ತುಬಂದಿಲ್ಲ.

ನಾಲ್ಕುನಾಲ್ಕು: ಫೋರ್ಸ್ ಹೆಡ್ ಮೇಲೆ-ಕೆಳಗಿನ ತಪ್ಪನ್ನು ಮಾತ್ರ ನುಂಗುತ್ತದೆ. ಇವರ ತಪ್ಪು ಅಡ್ಡಕ್ಕೆ ಇದೆ. ಡಿಸ್ಕ್ ಅಂಚು ದಾಟಿದರೆ ಸ್ಪಂಜಿನ ಪ್ಯಾಡ್ ಕೆಳಕ್ಕೆ ಬಾಗುತ್ತದೆ, ಇಡೀ ಡಿಸ್ಕಿನ ಒತ್ತಡ ಒಂದು ಗೆರೆಯ ಮೇಲೆ ಬೀಳುತ್ತದೆ. ಪ್ರೈಮರ್ ಉಳಿಯುತ್ತಾ?

ಧೂಳುಗೂಡು: ನನಗೆ ಉಳಿದಿದೆ. ಪಾರ್ಟ್ ಒಲೆಯಿಂದ ಬಿಸಿಬಿಸಿ ಬರುತ್ತಾ? ಹಿಗ್ಗಿರಬಹುದು.

ನಾಲ್ಕುನಾಲ್ಕು: ಲೆಕ್ಕ ಹಾಕಿ ಮಾತಾಡಿ. 30 ಡಿಗ್ರಿ ಜಾಸ್ತಿ ಬಿಸಿ ಇದ್ದರೂ 600 ಮಿ.ಮೀ. ಅಲ್ಯೂಮಿನಿಯಂ ಹಿಗ್ಗುವುದು 0.4 ಮಿ.ಮೀ. ಉಳಿದದ್ದು ಕ್ಯಾಲಿಬ್ರೇಷನ್ನೇ.

ಮಸೂರ: ಒಂದು ಪ್ರಶ್ನೆ. ಫೋಟೋ ತೆಗೆಯುವುದು ಕ್ಲ್ಯಾಂಪ್ ಹಿಡಿಯೋಕೆ ಮುಂಚೆಯಾ, ಆಮೇಲಾ?

ಆರನೇಅಕ್ಷ: ಮುಂಚೆ. ಕ್ಲ್ಯಾಂಪಿನ ತೋಳು ಬಂದರೆ ಬಲಗಡೆ ಅಂಚು ಮುಚ್ಚಿಹೋಗುತ್ತದೆ. ಎಲ್ಲರೂ ಹಾಗೇ ಅಲ್ವಾ ಮಾಡೋದು?

ಮಸೂರ: ಎಡಗಡೆ ಪಾರ್ಟ್ ಕೂರಿಸುವ ಪಿನ್ ಇದೆಯಾ? ಬಲ ತುದಿಗೆ ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಇಟ್ಟು ಕ್ಲ್ಯಾಂಪ್ ಮುಚ್ಚಿ ನೋಡಿ.

ಆರನೇಅಕ್ಷ: ಇಟ್ಟೆ. ಕ್ಲ್ಯಾಂಪಿನ ಸಿಲಿಂಡರ್ ಟಪ್ ಅಂದ ಕೂಡಲೇ ಮುಳ್ಳು ಓಡಿತು. 1.8 ಮಿ.ಮೀ. ಮೂರು ಸಲ ಮಾಡಿದೆ, ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ.

ಮಸೂರ: ಅದೇ. ಎಡಗಡೆ ಪಿನ್ ಹಿಡಿದಿದೆ, ಅದನ್ನೇ ನಡು ಮಾಡಿಕೊಂಡು ಪಾರ್ಟ್ ತಿರುಗುತ್ತಿದೆ. ಸ್ಕೋರ್ ಸುಳ್ಳು ಹೇಳಿಲ್ಲ. ಫೋಟೋ ತೆಗೆದ ಹೊತ್ತಿಗೆ ಪಾರ್ಟ್ ಅಲ್ಲೇ ಇತ್ತು. ಕ್ಲ್ಯಾಂಪ್ ಆದ ಮೇಲೆ ಫೋಟೋ ತೆಗೆಯಿರಿ. ತೋಳಿನ ಜಾಗವನ್ನು ಪಾಯಿಂಟ್ ಕ್ಲೌಡ್‌ನಿಂದ (ಕ್ಯಾಮೆರಾ ಕೊಡುವ 3ಡಿ ಚುಕ್ಕೆಗಳ ರಾಶಿ) ಕತ್ತರಿಸಿ ಬಿಡಿ, ಇಲ್ಲದಿದ್ದರೆ ಅದನ್ನೂ ಪಾರ್ಟ್ ಅಂದುಕೊಂಡು ಹೊಂದಿಸುತ್ತದೆ.

ನಾಲ್ಕುನಾಲ್ಕು: 1.8 ಆಯಿತು. ಉಳಿದ 0.2? ಅದು ಕ್ಯಾಲಿಬ್ರೇಷನ್.

ಧೂಳುಗೂಡು: ಸ್ಯಾಂಡಿಂಗಿಗೆ 0.2 ಒಂದು ಲೆಕ್ಕಾನಾ!

ಆರನೇಅಕ್ಷ: ಮಸೂರ ಸರ್, ತುಂಬಾ ಥ್ಯಾಂಕ್ಸ್. ಹನ್ನೆರಡು ಪಾರ್ಟ್ ಓಡಿಸಿದೆ, ಹನ್ನೊಂದರಲ್ಲಿ ಅಂಚು ಬೂದಾಗೇ ಉಳಿದಿದೆ. ಒಂದರಲ್ಲಿ ತೋಳಿನ ಪಕ್ಕ ಸಣ್ಣ ಗೀಟು ಬಿದ್ದಿದೆ. ಆ ಡಿಸ್ಕ್ ಹಳೆಯದು. ಹೊಸದು ಹಾಕಿ ನಾಳೆ ಫೋಟೋ ಹಾಕುತ್ತೇನೆ.