ಆಯಿಲ್ ಬದಲಿಸಿದ ಮೇಲೆ ಮಟ್ಟ ಗೆರೆ ಮೀರಿದೆ, ಯಾಕೆ?

ಕೆಂಪುಪಿಕಪ್:
ತಲೆ ಕೆಟ್ಟುಹೋಗಿದೆ. ಡೀಸೆಲ್ ಪಿಕಪ್‌ಗೆ ಮೊದಲ ಬಾರಿ ನಾನೇ ಆಯಿಲ್ ಬದಲಿಸಿದೆ. ಕೈಪಿಡಿ ಹೇಳಿದಷ್ಟೇ ಸುರಿದಿದ್ದೇನೆ, ಒಂದು ತೊಟ್ಟೂ ಹೆಚ್ಚಿಲ್ಲ. ಆದರೂ ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿ ನಿಂತಿದೆ. ಹೊಸ ಆಯಿಲ್ ಆಗಲೇ ಕಪ್ಪಾಗಿದೆ. ಎಂಜಿನ್ ಹೋಯಿತೇ? ಮೆಕ್ಯಾನಿಕ್‌ಗೆ ತೋರಿಸಿ ಎಂದು ಮಾತ್ರ ಹೇಳಬೇಡಿ.

ಮಸಿವೈರಿ:
ನೂರಕ್ಕೆ ನೂರು ಡಿಪಿಎಫ್ ಕಾಟ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್‌ನದು. ಅದರಲ್ಲಿ ಕೂತ ಮಸಿಯನ್ನು ಸುಡಲು ಎಂಜಿನ್ ತಡವಾಗಿ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ತಳದ ಆಯಿಲ್ ತೊಟ್ಟಿ (ಸಂಪ್) ಸೇರುತ್ತದೆ, ಮಟ್ಟ ಏರುತ್ತದೆ, ಆಯಿಲ್ ತೆಳುವಾಗುತ್ತದೆ. ಸಣ್ಣ ಸಣ್ಣ ಓಡಾಟ ಮಾತ್ರ ಮಾಡುತ್ತೀರಾ?

ಹಳೇಸ್ಪ್ಯಾನರ್:
ಯಾವ ಗಾಡಿ, ಯಾವ ಎಂಜಿನ್? ಆಯಿಲ್ ಫಿಲ್ಟರ್ ಬದಲಿಸಿದಿರಾ? ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಆಯಿಲ್ ಕೆಳಗಿಳಿಯಲು ಬಿಟ್ಟು ನೋಡಿದಿರಾ? ಕಪ್ಪು ಬಣ್ಣದ ಚಿಂತೆ ಬಿಡಿ. ಎಷ್ಟು ಬಸಿದರೂ ಹಳೆಯದು ಒಳಗೆ ಸ್ವಲ್ಪ ಉಳಿಯುತ್ತದೆ, ಡೀಸೆಲ್ ಮಸಿ ಹೊಸದನ್ನೂ ಬೇಗ ಕಪ್ಪಾಗಿಸುತ್ತದೆ.

ಕೆಂಪುಪಿಕಪ್:
ಫಿಲ್ಟರ್ ಹೊಸದು, ಜಾಗ ಸಮತಟ್ಟು. ಎಲ್ಲರ ಬಳಿ ಇರುವಂಥದೇ ಎಂಜಿನ್, 6.7 ಲೀಟರಿನದು.

ಹಳೇಸ್ಪ್ಯಾನರ್:
ಯಾರ 6.7? ಫೋರ್ಡ್ ಪವರ್‌ಸ್ಟ್ರೋಕ್ ಕೂಡ 6.7, ಕಮಿನ್ಸ್ ಕೂಡ 6.7. ಮೊದಲನೆಯದಕ್ಕೆ 13 ಕ್ವಾರ್ಟ್ ಆಯಿಲ್, ಎರಡನೆಯದಕ್ಕೆ 12.

ಮಸಿವೈರಿ:
ಯಾವುದಾದರೇನು, ಎರಡರಲ್ಲೂ ಡಿಪಿಎಫ್ ಇದೆ. ಡೀಸೆಲ್ ವಾಸನೆ ಇದೆಯೇ ಎಂದು ಡಿಪ್‌ಸ್ಟಿಕ್ ಮೂಸಿ ನೋಡಿ. ಪ್ರಯೋಗಾಲಯಕ್ಕೆ ಮಾದರಿ ಕಳಿಸಿದರೆ ಇಂಧನದ ಪ್ರಮಾಣವೂ ಗೊತ್ತಾಗುತ್ತದೆ.

ಹಳೇಸ್ಪ್ಯಾನರ್:
ನಿನ್ನೆ ಮೊನ್ನೆ ಹಾಕಿದ ಆಯಿಲ್‌ಗೆ ಇಷ್ಟು ಬೇಗ ಅಷ್ಟು ಡೀಸೆಲ್ ಎಲ್ಲಿಂದ ಸೇರುತ್ತದೆ ಸ್ವಾಮಿ?

ಉದ್ದದಾರಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಯಾವ ಆಯಿಲ್ ಹಾಕಿದಿರಿ? ನಾನು 15ಡಬ್ಲ್ಯು-40 (ಆಯಿಲ್ ದಪ್ಪದ ಅಳತೆ) ಸಿಕೆ-4 (ಡೀಸೆಲ್ ಆಯಿಲ್ ದರ್ಜೆ) ಬಿಟ್ಟು ಬೇರೆ ಮುಟ್ಟುವುದಿಲ್ಲ. ಆಯಿಲ್ ಬಸಿಯುವ ಡ್ರೈನ್ ಬೋಲ್ಟ್ ಕಿತ್ತು ವಾಲ್ವ್ ಕೂರಿಸಿದ್ದೇನೆ. ಪೈಪ್ ಸಿಕ್ಕಿಸಿದರೆ ನೆಲಕ್ಕೆ ಹನಿಯೂ ಬೀಳುವುದಿಲ್ಲ. ಆಯಿಲನ್ನು ಇನ್ನಷ್ಟು ಸೋಸುವ ಬೈಪಾಸ್ ಫಿಲ್ಟರ್ ಬೇರೆ ಇದೆ. ಚಿತ್ರ ಬೇಕಿದ್ದರೆ ಹಾಕುತ್ತೇನೆ.

ಚಳಿಪ್ರದೇಶ:
ಕೊರೆಯುವ ಚಳಿಯಲ್ಲಿ ಮಂದವಾಗುವ 15ಡಬ್ಲ್ಯು ಹಾಕಿ ಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಮಾತನಾಡೋಣ. 5ಡಬ್ಲ್ಯು-40 ಇರುವುದು ಯಾತಕ್ಕೆ?

ಉದ್ದದಾರಿ:
ಚಳಿಯ ಮಾತನ್ನು ಇಲ್ಲಿ ಯಾರು ಕೇಳಿದರು?

ಕೆಂಪುಪಿಕಪ್:
ಕಮಿನ್ಸ್. ಕೈಪಿಡಿಯಲ್ಲಿ 12 ಇದೆ, 12 ಹಾಕಿದ್ದೇನೆ. ಐದು ಲೀಟರಿನ ಎರಡು ಕ್ಯಾನ್, ಮೇಲೆ ಒಂದೊಂದು ಲೀಟರಿನ ಎರಡು ಡಬ್ಬಿ. ಇನ್ನೇನು ಹೇಳಲಿ?

ಹಳೇಸ್ಪ್ಯಾನರ್:
ಇದನ್ನು ಮೊದಲೇ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಕೈಪಿಡಿಯ 12 ಅಮೆರಿಕದ ಕ್ವಾರ್ಟ್, ಲೀಟರ್ ಅಲ್ಲ. ಒಂದು ಕ್ವಾರ್ಟ್ ಎಂದರೆ 0.946 ಲೀಟರ್. 12 ಕ್ವಾರ್ಟ್ ಸುಮಾರು 11.4 ಲೀಟರ್ ಆಯಿತು. ಅರ್ಧ ಲೀಟರಿಗಿಂತ ಹೆಚ್ಚೇ ಮೇಲೆ ಬಿದ್ದಿದೆ.

ಕೆಂಪುಪಿಕಪ್:
ಹಾಗಿದ್ದರೆ ಕೈಪಿಡಿಯವರು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಅಷ್ಟು ಹೆಚ್ಚಿದ್ದರೆ ಓಡಿಸಬಹುದೇ?

ಹಳೇಸ್ಪ್ಯಾನರ್:
ನಾನಾದರೆ ಓಡಿಸುವುದಿಲ್ಲ. ಮಟ್ಟ ತೀರಾ ಏರಿದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಒತ್ತಡ ಸರಿಯಾಗಿ ಸಿಗುವುದಿಲ್ಲ. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಮೂಲಕ ಆಯಿಲ್ ಗಾಳಿ ಎಳೆಯುವ ದಾರಿಗೆ ನುಗ್ಗಿದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಕೀ ತಿರುಗಿಸಿದರೂ ನಿಲ್ಲದೆ ಓಡಬಹುದು. ನಿಮ್ಮದು ಅಲ್ಲಿಯವರೆಗೆ ಹೋಗಿರಲಿಕ್ಕಿಲ್ಲ, ಆದರೂ ತೆಗೆಯಿರಿ. ಡಿಪ್‌ಸ್ಟಿಕ್ ಕೊಳವೆಯಲ್ಲಿ ತೆಳು ಪೈಪ್ ಇಳಿಸಿ ಕೈಪಂಪಿನಿಂದ ಎಳೆಯಿರಿ. ಅಳತೆಯ ಪಾತ್ರೆಗೇ ಸುರಿಯಿರಿ, ಪ್ರತಿ ಸಲ ಗೆರೆ ನೋಡಿ.

ಉದ್ದದಾರಿ:
ವಾಲ್ವ್ ಇದ್ದಿದ್ದರೆ ಕೆಳಗಿನಿಂದಲೇ ಬಿಡಬಹುದಿತ್ತು.

ಮಸಿವೈರಿ:
ತೆಗೆದ ಮೇಲೂ ಮಟ್ಟ ಏರುತ್ತಾ ಹೋದರೆ ನಾನು ಹೇಳಿದ್ದೇ ನಿಜ. ವಾರಕ್ಕೊಮ್ಮೆ ನೋಡಿ ಬರೆಯಿರಿ.

ಕೆಂಪುಪಿಕಪ್:
ಪಂಪ್ ತರಿಸುತ್ತೇನೆ. ಅಂದಹಾಗೆ, ಕೂಲಂಟ್ ಕೂಡ ಕ್ವಾರ್ಟ್ ಲೆಕ್ಕದಲ್ಲೇ ಇದೆಯೇ?