ಹಡಗಿನಲ್ಲಿ ದೊಡ್ಡವರೆಂದರೆ ನಾನೊಬ್ಬಳೇ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ಕ್ರೂಸ್ ಹಡಗುಗಳ ಮಕ್ಕಳ ವಿಭಾಗದಲ್ಲಿ ಒಂಬತ್ತು ವರ್ಷ, ಆಮೇಲೆ ಸ್ವಾಗತ ಕೌಂಟರಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಜತೆಗೆ ಇನ್ನೊಬ್ಬ ದೊಡ್ಡವರಿಲ್ಲದೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತುವವರ ಪ್ರಶ್ನೆಗಳನ್ನು ಮಾತ್ರ ಇಲ್ಲಿ ತೆಗೆದುಕೊಳ್ಳುತ್ತೇನೆ. ನಿಯಮಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಆದ್ದರಿಂದ ಹಣ ಕಟ್ಟುವ ಮುನ್ನ ನಿಮ್ಮ ಹಡಗಿನವರನ್ನೇ ಒಮ್ಮೆ ಕೇಳಿಕೊಳ್ಳಿ.

ಪ್ರಶ್ನೆ: ಮೇಡಂ, ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಪತಿಗೆ ರಜೆ ಸಿಗುವುದಿಲ್ಲ. ಏಳು ರಾತ್ರಿಯ ಪ್ರವಾಸ. ಹೇಗೂ ಕಿಡ್ಸ್ ಕ್ಲಬ್ ಇರುತ್ತದಲ್ಲ ಎಂಬ ಧೈರ್ಯದಲ್ಲಿದ್ದೇನೆ. ಸರಿಯೇ?

ಉತ್ತರ: ಮಗಳ ಮಟ್ಟಿಗೆ ಸರಿ, ಮಗನ ಮಟ್ಟಿಗೆ ಅಲ್ಲ. ಹೆಚ್ಚಿನ ಹಡಗುಗಳಲ್ಲಿ ಉಚಿತ ಕಿಡ್ಸ್ ಕ್ಲಬ್ ಮೂರು ವರ್ಷ ತುಂಬಿದವರಿಗೆ, ಅದೂ ಡೈಪರ್ ಬಿಟ್ಟವರಿಗೆ. ಎರಡು ವರ್ಷದಿಂದಲೇ ಸೇರಿಸಿಕೊಳ್ಳುವ ಕಂಪನಿಗಳೂ ಇವೆ. ಅದಕ್ಕೂ ಚಿಕ್ಕವರನ್ನು ನೋಡಿಕೊಳ್ಳುವ ಶಿಶುವಿಹಾರ ಕೆಲವೇ ಹಡಗುಗಳಲ್ಲಿದೆ. ಡಿಸ್ನಿ ಹಡಗುಗಳ ಶಿಶುವಿಹಾರ ಆರು ತಿಂಗಳಿಂದ ಮೂರು ವರ್ಷದವರೆಗಿನವರಿಗೆ, ಗಂಟೆಗೆ ಇಷ್ಟೆಂದು ಹಣ ಕೊಡಬೇಕು. ಇಂಥ ಕಡೆ ಜಾಗ ಕಡಿಮೆ, ಬೇಗ ತುಂಬಿಹೋಗುತ್ತದೆ. ಪ್ರಯಾಣಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಲು ಅವಕಾಶ ಕೊಟ್ಟ ದಿನವೇ ಕೂತು ಆ ಕೆಲಸ ಮುಗಿಸಿ.

ಎಲ್ಲರಿಗಿಂತ ಚಿಕ್ಕ ಮಗುವನ್ನು ಮುಂದಿಟ್ಟುಕೊಂಡು ಹಡಗು ಆರಿಸಿ. ನಾಲ್ಕು ವರ್ಷದವಳು ಯಾವ ಹಡಗಿನಲ್ಲೂ ಖುಷಿಯಾಗಿರುತ್ತಾಳೆ. ಒಂದೂವರೆ ವರ್ಷದವನಿಗೆ ಮಾತ್ರ ಮಲಗಲು ಕತ್ತಲೆ ಬೇಕು, ತೆವಳಲು ನೆಲ ಬೇಕು, ನೀರಾಡಲು ಜಾಗ ಬೇಕು. ಈ ನೀರಿನ ವಿಷಯಕ್ಕೆ ಬಹಳ ತಾಯಂದಿರು ಮೋಸ ಹೋಗುತ್ತಾರೆ. ಡೈಪರ್ ಹಾಕುವ ಮಗುವನ್ನು ಸಾಮಾನ್ಯ ಈಜುಕೊಳಕ್ಕೆ ಇಳಿಸುವಂತಿಲ್ಲ, ಈಜಿನ ಡೈಪರ್ ಹಾಕಿದ್ದರೂ ಅಷ್ಟೇ. ಹಡಗಿನವರ ಹಟವಲ್ಲ ಇದು, ಅಮೆರಿಕದ ಆರೋಗ್ಯ ಇಲಾಖೆಯ ನಿಯಮ. ಶಿಶುಗಳಿಗೆಂದೇ ಬೇರೆ ಶುದ್ಧೀಕರಣ ವ್ಯವಸ್ಥೆಯಿರುವ ನೀರಾಟದ ಜಾಗ ಇದ್ದರೆ ಮಾತ್ರ ಬಿಡುತ್ತಾರೆ. ಅದು ಇದೆಯೇ ಎಂದು ಮೊದಲೇ ಕೇಳಿ. ಈಜುಕೊಳದ ಬಳಿ ಕಾವಲುಗಾರ ಎಲ್ಲ ಹಡಗುಗಳಲ್ಲೂ ಇರುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ಮಗಳನ್ನು ಕ್ಲಬ್ಬಿಗೆ ಬಿಡುವುದು. ಹಡಗು ಹತ್ತಿದ ಮಧ್ಯಾಹ್ನ ಕ್ಲಬ್ ಎಲ್ಲರಿಗೂ ತೆರೆದಿರುತ್ತದೆ. ಆಗ ಮೂವರೂ ಹೋಗಿ ಕೂತು ಆಡಿ. ಮಗು ಆಟದಲ್ಲಿ ಮುಳುಗಿದಾಗ ಹಿಂದಿನಿಂದ ಸದ್ದಿಲ್ಲದೆ ಜಾರಿಕೊಳ್ಳುವ ಪೋಷಕರನ್ನು ನೂರಾರು ಬಾರಿ ನೋಡಿದ್ದೇನೆ. ಆ ಮಗು ತಲೆಯೆತ್ತಿ ನೋಡುತ್ತದೆ, ಕೈಯಲ್ಲಿದ್ದ ಬಣ್ಣದ ಕಡ್ಡಿಯನ್ನು ಮೆಲ್ಲಗೆ ಕೆಳಗಿಡುತ್ತದೆ, ಬಾಗಿಲ ಬಳಿ ಹೋಗಿ ನಿಲ್ಲುತ್ತದೆ. ಆಮೇಲೆ ವಾರವಿಡೀ ಬಾಗಿಲು ಬಿಟ್ಟು ಅಲ್ಲಾಡುವುದಿಲ್ಲ. "ಇಪ್ಪತ್ತು ನಿಮಿಷಕ್ಕೆ ಬರುತ್ತೇನೆ" ಎಂದು ಹೇಳಿ ಹೋಗಿ, ಇಪ್ಪತ್ತು ನಿಮಿಷಕ್ಕೇ ಬನ್ನಿ. ಮರುದಿನ ಒಂದು ಗಂಟೆ ಬಿಡಬಹುದು.

ಪ್ರಶ್ನೆ: ಮೂರು ತಿಂಗಳ ಕೂಸನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ಆಗುವುದಿಲ್ಲ. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಆಗಿರಬೇಕು. ಸತತವಾಗಿ ಹಲವು ದಿನ ದಡ ಕಾಣದ ದೂರದ ಪ್ರಯಾಣಗಳಿಗೆ, ಅಂದರೆ ಅಟ್ಲಾಂಟಿಕ್ ದಾಟುವಂಥವಕ್ಕೆ, ಹನ್ನೆರಡು ತಿಂಗಳು.

ಪ್ರಶ್ನೆ: ಸರ್ ಅಥವಾ ಮೇಡಂ, ನಾನು ಐದು ವರ್ಷದ ಮಗನ ತಂದೆ. "ಮಕ್ಕಳಿಗೆ ಉಚಿತ" ಎಂಬ ಜಾಹೀರಾತು ನೋಡಿ ಲೆಕ್ಕ ಹಾಕಿದೆ. ಕೊನೆಗೆ ಬಂದ ಮೊತ್ತ ಇಬ್ಬರು ದೊಡ್ಡವರದು! ತಪ್ಪು ಎಲ್ಲಾಗಿದೆ?

ಉತ್ತರ: ಮೇಡಂ ಎಂದೇ ಕರೆಯಿರಿ. ತಪ್ಪು ಆಗಿಲ್ಲ ಸರ್, ಆ ಲೆಕ್ಕವೇ ಹಾಗೆ. ಕ್ಯಾಬಿನ್ನಿನ ಬೆಲೆ ಇಬ್ಬರ ಮೇಲೆ ಕಟ್ಟಿದ್ದು. ಮೊದಲ ಎರಡು ಜಾಗಕ್ಕೆ ಪೂರ್ತಿ ದರ, ಆ ಎರಡನೆಯವರು ಐದು ವರ್ಷದವರಾದರೂ ಐವತ್ತರವರಾದರೂ ಒಂದೇ. "ಉಚಿತ" ಎಂಬುದು ಅದೇ ಕ್ಯಾಬಿನ್ನಿನ ಮೂರನೆಯ, ನಾಲ್ಕನೆಯ ಜಾಗಕ್ಕೆ. ಹಾಗಾಗಿ ಒಂದು ಮಗುವಿನ ಜತೆ ಒಬ್ಬರೇ ಹೋಗುವವರಿಗೆ ಈ ಜಾಹೀರಾತಿನಿಂದ ಲಾಭವಿಲ್ಲ, ಎರಡು ಮಕ್ಕಳಿದ್ದರೆ ಎರಡನೆಯ ಮಗುವಿಗೆ ಸಿಗುತ್ತದೆ. ಅದಕ್ಕೂ ಬಂದರು ಶುಲ್ಕ, ತೆರಿಗೆ ಇದ್ದೇ ಇರುತ್ತವೆ. ಒಂಟಿ ಪ್ರಯಾಣಿಕರ ಪುಟ್ಟ ಕ್ಯಾಬಿನ್ ಎಂದು ಕಾಣಿಸುತ್ತದಲ್ಲ, ಅದು ಒಂದೇ ಒಂದು ತಲೆಗೆ, ಅದರ ಆಸೆ ಬಿಡಿ.

ಪ್ರಶ್ನೆ: ನಾನು ಅಜ್ಜಿ. ಎರಡು ಮೊಮ್ಮಕ್ಕಳನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಪಾಸ್‌ಪೋರ್ಟ್ ಇದ್ದರೆ ಸಾಕಲ್ಲವೇ?

ಉತ್ತರ: ಸಾಲದು ಅಮ್ಮಾ. ಹಡಗು ಹತ್ತುವ ಕಟ್ಟೆಯಲ್ಲಿ ಅಳುತ್ತ ಹಿಂದಿರುಗಿದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತೇನೆ. ಮಕ್ಕಳ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು. ಅದರಲ್ಲಿ ಮಕ್ಕಳ ಹೆಸರು, ನಿಮ್ಮ ಹೆಸರು, ಹಡಗು, ದಿನಾಂಕಗಳು ಇರಲಿ. ನೋಟರಿಯ ಮುಂದೆ ಮಾಡಿಸಿ. ಅದೇ ಪತ್ರದಲ್ಲಿ "ಅಗತ್ಯ ಬಿದ್ದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಇವರಿಗಿದೆ" ಎಂಬ ಸಾಲನ್ನೂ ಸೇರಿಸಿ. ಎಲ್ಲರೂ ಬಿಡುವುದು ಈ ಸಾಲನ್ನೇ, ಆದರೆ ಮಗುವಿನ ಕೈ ಮುರಿದ ರಾತ್ರಿ ಬೇಕಾಗುವುದೂ ಇದೇ.

ತಂದೆ ಅಥವಾ ತಾಯಿ ಒಬ್ಬರೇ ಹೋಗುವಾಗಲೂ ಹೋಗದವರ ಒಪ್ಪಿಗೆ ಪತ್ರ ಇಟ್ಟುಕೊಳ್ಳುವುದು ಜಾಣತನ. ಹಡಗಿನವರು ಕೇಳದಿದ್ದರೂ ನೀವು ಇಳಿಯುವ ದೇಶದ ಗಡಿ ಅಧಿಕಾರಿ ಕೇಳಬಹುದು. ವಿಚ್ಛೇದನವಾಗಿದ್ದರೆ ಮಕ್ಕಳ ಪಾಲನೆಯ ಆದೇಶ, ಸಂಗಾತಿ ತೀರಿಹೋಗಿದ್ದರೆ ಮರಣ ಪ್ರಮಾಣಪತ್ರದ ಪ್ರತಿ, ನಿಮ್ಮ ಮತ್ತು ಮಕ್ಕಳ ಮನೆತನದ ಹೆಸರು (ಸರ್‌ನೇಮ್) ಬೇರೆಯಿದ್ದರೆ ಜನನ ಪ್ರಮಾಣಪತ್ರ ಜತೆಗಿರಲಿ. ಇವು ಕೈಚೀಲದಲ್ಲಿರಬೇಕು. ಸೂಟ್‌ಕೇಸನ್ನು ಬಂದರಿನಲ್ಲೇ ತೆಗೆದುಕೊಂಡು ಹೋಗುತ್ತಾರೆ, ಅದು ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ. ಆ ದಿನದ ಡೈಪರ್, ಔಷಧಿ, ಮಕ್ಕಳ ಈಜುಡುಗೆ ಕೂಡ ಕೈಚೀಲಕ್ಕೇ ಸೇರಲಿ.

ಪ್ರಶ್ನೆ: ನನಗೆ ಅವಳಿ ಮಕ್ಕಳು, ಮೂರೂವರೆ ವರ್ಷ. ಹಡಗಿಗೆ ಅಪಾಯ ಬಂದರೆ ಒಬ್ಬಳೇ ಏನು ಮಾಡಲಿ? ರಾತ್ರಿ ಇದೇ ಯೋಚನೆ.

ಉತ್ತರ: ಯೋಚನೆ ಬರುವುದು ಸಹಜ ಮೇಡಂ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ತಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದಾಗ, ಅಂದೇ ಹತ್ತಿದ ನೂರಾರು ಮಂದಿಗೆ ಸುರಕ್ಷತಾ ಡ್ರಿಲ್ ಆಗಿಯೇ ಇರಲಿಲ್ಲ. ಆಗಿನ ನಿಯಮ 24 ಗಂಟೆಯೊಳಗೆ ಮಾಡಿದರಾಯಿತು ಎನ್ನುತ್ತಿತ್ತು. 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಡ್ರಿಲ್ ಕಡ್ಡಾಯ. ಈಗ ಹಲವು ಹಡಗುಗಳಲ್ಲಿ ವಿಡಿಯೊವನ್ನು ಮೊಬೈಲಿನಲ್ಲೇ ನೋಡಿ, ಮಸ್ಟರ್ ಸ್ಟೇಷನ್ನಿಗೆ, ಅಂದರೆ ತುರ್ತಿನಲ್ಲಿ ನೀವು ಸೇರಬೇಕಾದ ಜಾಗಕ್ಕೆ, ಹೋಗಿ ಹಾಜರಿ ಹಾಕಿಸಿದರೆ ಮುಗಿಯಿತು. ನೀವು ಮಾತ್ರ ಅಷ್ಟಕ್ಕೇ ಮುಗಿಸಬೇಡಿ. ಕ್ಯಾಬಿನ್ನಿನಿಂದ ಅಲ್ಲಿಗೆ ಮಕ್ಕಳೊಂದಿಗೆ ಮೆಟ್ಟಿಲಲ್ಲೇ ಒಮ್ಮೆ ನಡೆಯಿರಿ, ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ತುರ್ತು ಸಂಕೇತ ಏಳು ಚಿಕ್ಕ ಕೂಗು, ಆಮೇಲೆ ಒಂದು ಉದ್ದನೆಯದು. ಅದನ್ನು ಮಕ್ಕಳಿಗೆ ಆಟದಂತೆ ಬಾಯಲ್ಲಿ ಕೂಗಿಸಿ.

ಹಡಗಿನಲ್ಲಿರುವ ಪ್ರತಿ ಮಗುವಿಗೂ ಅಳತೆಗೆ ತಕ್ಕ ಲೈಫ್ ಜಾಕೆಟ್ ಇರಲೇಬೇಕು. ಅದು ಕ್ಯಾಬಿನ್ನಿನಲ್ಲಿದೆಯೇ, ಸ್ಟೇಷನ್ನಿನಲ್ಲಿದೆಯೇ ಎಂದು ಕೇಳಿ, ಕ್ಯಾಬಿನ್ನಿನಲ್ಲಿದ್ದರೆ ಒಮ್ಮೆ ತೊಡಿಸಿ ನೋಡಿ. ಮಕ್ಕಳ ಮಣಿಕಟ್ಟಿಗೆ ಸ್ಟೇಷನ್ ಸಂಖ್ಯೆಯ ಪಟ್ಟಿ ಕಟ್ಟುತ್ತಾರೆ, ಕಿರಿಕಿರಿಯೆಂದು ಕತ್ತರಿಸಬೇಡಿ. ಕ್ಲಬ್ಬಿನಲ್ಲಿ ಕೇಳಬೇಕಾದ್ದು ಒಂದೇ: "ಮಕ್ಕಳು ಇಲ್ಲಿದ್ದಾಗ ಸಂಕೇತ ಮೊಳಗಿದರೆ ನಾನು ಇಲ್ಲಿಗೆ ಬರಬೇಕೋ, ನೀವೇ ನನ್ನ ಸ್ಟೇಷನ್ನಿಗೆ ಕರೆತರುತ್ತೀರೋ?" ಎರಡೂ ಪದ್ಧತಿಗಳಿವೆ. ತಿಳಿಯದೆ ಓಡಿದರೆ ನೀವು ಒಂದು ಮೆಟ್ಟಿಲಲ್ಲಿ, ಮಕ್ಕಳು ಇನ್ನೊಂದು ಮೆಟ್ಟಿಲಲ್ಲಿ.

ಸ್ಟೇಷನ್ನಿನಲ್ಲಿ ನಿಂತಿರುವ ಸಿಬ್ಬಂದಿಗೆ ಮೊದಲ ದಿನವೇ ಹೇಳಿ: "ಎರಡು ಮಕ್ಕಳು, ನಾನೊಬ್ಬಳೇ." ಕ್ಯಾಬಿನ್ ನೋಡಿಕೊಳ್ಳುವವರಿಗೂ, ಕೌಂಟರಿಗೂ ಅದನ್ನೇ ಹೇಳಿ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ಯಾರೂ ಕೇಳಿಲ್ಲ, ನಾನೇ ಕೇಳುತ್ತೇನೆ. ಕಾಯಿಲೆ ಬಿದ್ದವಳು ನಾನೇ ಆದರೆ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಹನ್ನೆರಡು ವರ್ಷಗಳಲ್ಲಿ ನಾನು ಕಂಡ ಪೋಷಕರೆಲ್ಲ ಮಗುವಿಗೆ ಜ್ವರ ಬಂದರೆ ಏನೆಂದು ಯೋಚಿಸಿಯೇ ಬಂದಿರುತ್ತಿದ್ದರು, ತಮಗೆ ಬಂದರೆ ಏನೆಂದು ಯೋಚಿಸಿದವರು ಬೆರಳೆಣಿಕೆ.

ಒಂದು ರಾತ್ರಿ ಎರಡು ಗಂಟೆಗೆ ಕೌಂಟರಿಗೆ ಕರೆ ಬಂತು. ಆ ಕಡೆ ಮಾತಿಲ್ಲ, ಉಸಿರಾಟ ಮಾತ್ರ. ಆಮೇಲೆ ಒಂದು ಪುಟ್ಟ ದನಿ: "ಅಪ್ಪ ಬಾತ್‌ರೂಮಿನಲ್ಲಿ ಮಲಗಿದ್ದಾರೆ." ಕ್ಯಾಬಿನ್ ಸಂಖ್ಯೆ ಪರದೆಯ ಮೇಲೆ ಬಂದಿತ್ತು, ವೈದ್ಯಕೀಯ ತಂಡ ಹೋಯಿತು. ವಾಂತಿ ಭೇದಿಯಿಂದ ನಿತ್ರಾಣರಾಗಿ ಕುಸಿದಿದ್ದರು, ಮರುದಿನ ಚೇತರಿಸಿಕೊಂಡರು. ಕರೆ ಮಾಡಿದವಳಿಗೆ ಐದು ವರ್ಷ. ಫೋನಿನಲ್ಲಿ ಕೌಂಟರಿಗೆ ಕರೆ ಹೋಗುವ ಗುಂಡಿಯ ಮೇಲೆ ತಂದೆ ಮೊದಲ ದಿನವೇ ಹಳದಿ ಚುಕ್ಕಿ ಅಂಟಿಸಿ ತೋರಿಸಿದ್ದರಂತೆ. ಅಂದಿನಿಂದ ಎಲ್ಲರಿಗೂ ಆ ಚುಕ್ಕಿಯ ವಿಷಯ ಹೇಳುತ್ತ ಬಂದಿದ್ದೇನೆ.

ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದಿಡಿ: ಮಕ್ಕಳ ಹೆಸರು, ವಯಸ್ಸು, ಅಲರ್ಜಿ, ಔಷಧಿ, ಅವರಿಗೆ ಬರುವ ಭಾಷೆ, ದಡದಲ್ಲಿ ಯಾರಿಗೆ ಕರೆ ಮಾಡಬೇಕು, ವಿಮೆಯ ಸಂಖ್ಯೆ. ಕ್ಯಾಬಿನ್ ಗೋಡೆಗಳು ಬಹುತೇಕ ಲೋಹದವು, ಒಂದು ಅಯಸ್ಕಾಂತದ ಬಿಲ್ಲೆ ಸಾಕು, ಹಾಳೆ ಬಾಗಿಲ ಒಳಬದಿಗೆ ಅಂಟಿಕೊಳ್ಳುತ್ತದೆ. ವಿಮೆ ತೆಗೆದುಕೊಳ್ಳುವಾಗ ಒಂದು ಪ್ರಶ್ನೆ ಮರೆಯಬೇಡಿ: ನನ್ನನ್ನು ಹಡಗಿನಿಂದ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ, ಮಕ್ಕಳನ್ನು ಮನೆಗೆ ತಲುಪಿಸುವ ಅಥವಾ ಅವರ ಬಳಿಗೆ ಮನೆಯವರೊಬ್ಬರನ್ನು ಕರೆಸುವ ಖರ್ಚು ಇದರಲ್ಲಿ ಸೇರಿದೆಯೇ? ಹೆಲಿಕಾಪ್ಟರಿನಲ್ಲಿ ಮಕ್ಕಳಿಗೂ ಜಾಗ ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬೇಡಿ.

ನಿಮ್ಮಲ್ಲಿ ಯಾರಿಗೇ ವಾಂತಿ ಭೇದಿಯಾದರೂ ವೈದ್ಯರು ಕ್ಯಾಬಿನ್ನಿನಲ್ಲೇ ಇರಲು ಹೇಳುತ್ತಾರೆ, ನಿಂತ ಮೇಲೂ ಕನಿಷ್ಠ ಒಂದು ದಿನ. ಒಳಗೇ ಇರಬೇಕಾಗುತ್ತದೆಂದು ಕಾಯಿಲೆಯನ್ನು ಮುಚ್ಚಿಡಬೇಡಿ. ಇಂಥ ವಾಂತಿ ಭೇದಿ ಹರಡುವ ನೊರೊವೈರಸ್ ಕೈಗೆ ಹಚ್ಚುವ ಜೆಲ್‌ಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಗತಿ.

ಹಡಗಿನ ಓಲಾಟಕ್ಕೆ ತಲೆ ಸುತ್ತುವುದು ಬೇರೆ. ಎರಡು ವರ್ಷದೊಳಗಿನವರಿಗೆ ಅದು ಅಪರೂಪ, ಎರಡರಿಂದ ಹನ್ನೆರಡರವರೆಗಿನವರಿಗೆ ಹೆಚ್ಚು. ಕೆಳಗಿನ ಡೆಕ್ಕಿನ, ನಡುಭಾಗದ ಕ್ಯಾಬಿನ್ ಆರಿಸಿದರೆ ಓಲಾಟ ಕಡಿಮೆ. ಮಕ್ಕಳ ಮಾತ್ರೆಯನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ನಿಮಗೆ ನೀವು ತೆಗೆದುಕೊಳ್ಳುವ ಮಾತ್ರೆ ನಿದ್ದೆ ಬರಿಸುವಂಥದ್ದೇ ಎಂದೂ ಅವರನ್ನೇ ಕೇಳಿ. ಎಚ್ಚರವಾಗಿರಬೇಕಾದವರು ನೀವೊಬ್ಬರೇ ತಾನೇ?

ಪ್ರಶ್ನೆ: ಮಕ್ಕಳು ಮಲಗಿದ ಮೇಲೆ, ಮಗುವಿನ ಸದ್ದನ್ನು ದೂರಕ್ಕೆ ಕೇಳಿಸುವ ಬೇಬಿ ಮಾನಿಟರ್ ಇಟ್ಟು, ಅರ್ಧ ಗಂಟೆ ಸಂಗೀತ ಕೇಳಿ ಬರಬಹುದೇ?

ಉತ್ತರ: ಬೇಡ. ಲೋಹದ ಗೋಡೆಗಳ ನಡುವೆ ಆ ಯಂತ್ರದ ಸಂಕೇತ ಹತ್ತು ಹೆಜ್ಜೆಗೇ ಸಾಯುತ್ತದೆ. ಸಂಕೇತ ಸಿಕ್ಕಿದರೂ ನನ್ನ ಉತ್ತರ ಇದೇ. ಕ್ಯಾಬಿನ್ನಿಗೇ ಬಂದು ಮಗು ನೋಡಿಕೊಳ್ಳುವ ಸೇವೆಯನ್ನು ಹೆಚ್ಚಿನ ಕಂಪನಿಗಳು ನಿಲ್ಲಿಸಿವೆ. ಕೆಲವು ಕಡೆ ರಾತ್ರಿ ಕ್ಲಬ್ಬಿನಲ್ಲೇ ಹಣ ಕೊಟ್ಟು ಮಲಗಿಸಬಹುದು, ಅದನ್ನು ಬಳಸಿ. ಅದಿಲ್ಲದಿದ್ದರೆ ಬಾಲ್ಕನಿಯಿರುವ ಕ್ಯಾಬಿನ್ನಿಗೆ ಸ್ವಲ್ಪ ಹೆಚ್ಚು ಕೊಡಿ. ಮಕ್ಕಳು ಒಳಗೆ ಮಲಗಿದ ಮೇಲೆ ನೀವು ಗಾಜಿನ ಬಾಗಿಲ ಆಚೆ ಕೂತು ಪುಸ್ತಕ ಓದಬಹುದು.

ಬಾಲ್ಕನಿಗೆ ಹೆದರುವವರಿಗೆ ಒಂದು ಮಾತು. ಅಮೆರಿಕದ 2010ರ ಕ್ರೂಸ್ ಸುರಕ್ಷತಾ ಕಾಯಿದೆಯ ಪ್ರಕಾರ ಕಂಬಿ ಕನಿಷ್ಠ 42 ಅಂಗುಲ, ಅಂದರೆ ಸುಮಾರು 107 ಸೆಂಟಿಮೀಟರ್ ಎತ್ತರವಿರಬೇಕು. ಕಂಬಿಗಿಂತ ಅದರ ಪಕ್ಕದ ಕುರ್ಚಿಯೇ ಅಪಾಯ. ನೀವು ಹೊರಗಿಲ್ಲದಾಗ ಕುರ್ಚಿ ಮೇಜು ಒಳಗಿರಲಿ, ಬಾಗಿಲಿಗೆ ಮೇಲಿನ ಅಗುಳಿ ಹಾಕಿರಲಿ. ಬಾತ್‌ರೂಮಿನ ಎತ್ತರದ ಹೊಸ್ತಿಲು, ತಾನಾಗಿಯೇ ಬಡಿದುಕೊಳ್ಳುವ ಭಾರದ ಕ್ಯಾಬಿನ್ ಬಾಗಿಲು, ಇವುಗಳಿಂದ ಜಜ್ಜಿದ ಬೆರಳುಗಳಿಗೆ ನಾನು ಕಟ್ಟಿದ ಪಟ್ಟಿಗಳಿಗೆ ಲೆಕ್ಕವಿಲ್ಲ.

ಪ್ರಶ್ನೆ: ಬಂದರಿನ ದಿನ ಮಕ್ಕಳನ್ನು ಕ್ಲಬ್ಬಿನಲ್ಲಿ ಬಿಟ್ಟು ನಾನು ಊರು ನೋಡಿ ಬರಬಹುದು ಎಂದು ಒಬ್ಬರು ಹೇಳಿದರು. ನಿಜವೇ?

ಉತ್ತರ: ಹಲವು ಕಂಪನಿಗಳು ಬಿಡುತ್ತವೆ, ಫೋನ್ ಸಂಖ್ಯೆ ಬರೆಸಿಕೊಳ್ಳುತ್ತವೆ. ಇಬ್ಬರು ದೊಡ್ಡವರಿದ್ದು ಒಬ್ಬರು ಹಡಗಿನಲ್ಲೇ ಉಳಿದಿದ್ದರೆ ಹೋಗಿ ಬನ್ನಿ ಎನ್ನುತ್ತಿದ್ದೆ. ನೀವೊಬ್ಬರೇ ಇರುವಾಗ ನಾನು ಒಪ್ಪುವುದಿಲ್ಲ. ರಸ್ತೆಯಲ್ಲಿ ವಾಹನ ಸಿಕ್ಕಿಹಾಕಿಕೊಂಡು ನೀವು ತಡವಾದರೆ ಹಡಗು ಕಾಯುವುದಿಲ್ಲ, ನಿಮ್ಮ ಮಕ್ಕಳನ್ನು ಹೊತ್ತುಕೊಂಡೇ ಹೊರಡಬಹುದು. ಮಕ್ಕಳೊಂದಿಗೆ ಇಳಿದಾಗಲೂ ಹಡಗಿನ ಸಮಯ ಬೇರೆ, ಊರಿನ ಸಮಯ ಬೇರೆ ಇರಬಹುದು. ಮೊಬೈಲ್ ತನ್ನಷ್ಟಕ್ಕೆ ಊರಿನ ಸಮಯಕ್ಕೆ ಬದಲಾಗುತ್ತದೆ, ಆದ್ದರಿಂದ ಹಡಗಿನ ಸಮಯಕ್ಕಿಟ್ಟ ಮುಳ್ಳಿನ ಗಡಿಯಾರವೊಂದು ಕೈಯಲ್ಲಿರಲಿ.

ಹಡಗು ದೂರ ನಿಂತು ಟೆಂಡರ್ ದೋಣಿಯಲ್ಲಿ ದಡಕ್ಕೆ ಸಾಗಿಸುವ ಬಂದರುಗಳಿವೆ. ಅಲ್ಲಿ ಅಲೆಗೆ ಏಳುತ್ತ ಬೀಳುತ್ತ ಇರುವ ದೋಣಿಗೆ ಹೆಜ್ಜೆಯಿಡಬೇಕು, ತಳ್ಳುಗಾಡಿಯನ್ನು ಮಡಚಬೇಕು. ಚಿಕ್ಕದನ್ನು ಎದೆಗೆ ಕಟ್ಟಿಕೊಂಡು ಒಂದು ಕೈ ಖಾಲಿಯಿಟ್ಟುಕೊಳ್ಳಿ, ದೊಡ್ಡದನ್ನು ಸಿಬ್ಬಂದಿ ದಾಟಿಸುತ್ತಾರೆ. ಗಾಳಿ ಜೋರಿದ್ದರೆ ಆ ದಿನ ಇಳಿಯಲೇಬೇಡಿ. ಎಲ್ಲರೂ ಊರಿಗೆ ಹೋಗಿರುವಾಗ ಖಾಲಿ ಹಡಗಿನಲ್ಲಿ ನೀರಾಟದ ಜಾಗವೆಲ್ಲ ನಿಮ್ಮದೇ.

ಪ್ರಶ್ನೆ: ಮಗಳು, ಮಗನೊಂದಿಗೆ ನಾಳೆಯೇ ಹೊರಡುತ್ತಿದ್ದೇನೆ ಮೇಡಂ. ಒಂದೇ ಒಂದು ಮಾತು ಹೇಳಿ.

ಉತ್ತರ: ಕೊನೆಯ ರಾತ್ರಿ ಸೂಟ್‌ಕೇಸನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ, ಬೆಳಿಗ್ಗೆ ಅದು ದಡದಲ್ಲಿ ಸಿಗುತ್ತದೆ. ಎರಡು ಮಕ್ಕಳ ಜತೆ ನೀವೇ ಹೊತ್ತು ಇಳಿಯುವ ಸಾಹಸ ಬೇಡ, ಹೊರಗಿಡಿ. ಆದರೆ ಇಡುವ ಮುನ್ನ ಮರುದಿನದ ಬಟ್ಟೆ, ಚಪ್ಪಲಿ ತೆಗೆದಿಟ್ಟುಕೊಂಡಿದ್ದೀರಾ ಎಂದು ಎಣಿಸಿ: ಮಗಳದು, ಮಗನದು, ನಿಮ್ಮದು. ಪ್ರತಿ ಪ್ರಯಾಣದ ಕೊನೆಯ ಬೆಳಿಗ್ಗೆ ಯಾರಾದರೊಬ್ಬರು ರಾತ್ರಿಯುಡುಪಿನಲ್ಲೇ ಇಳಿಯುತ್ತಿದ್ದರು, ಮತ್ತು ಬಹಳ ಸಲ ಮಕ್ಕಳು ನೀಟಾಗಿ ಬಟ್ಟೆ ತೊಟ್ಟಿರುತ್ತಿದ್ದರು.