‘ರನ್ನಿಂಗ್ ಬ್ಯಾಕ್’ಗೆ ಏನೆನ್ನೋಣ? ‘ಮುನ್ನಡೆ’ಯದೂ ಒಂದು ತೊಡಕು

ಎಲ್ಲರಿಗೂ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಆಟಗಾರ ಬ್ಯಾರಿ ಸ್ಯಾಂಡರ್ಸ್ ಬಗ್ಗೆ ಬರೆಯಲು ಕೂತು ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಒಂದು, ‘ರನ್ನಿಂಗ್ ಬ್ಯಾಕ್’. ಮೊದಲ ಕರಡಿನಲ್ಲಿ ‘ಹಿಮ್ಮುಖ ಓಟಗಾರ’ ಎಂದು ಬರೆದು ನಾನೇ ನಕ್ಕೆ. ‘ಬ್ಯಾಕ್’ ಇಲ್ಲಿ ಓಡುವ ದಿಕ್ಕಲ್ಲ, ನಿಲ್ಲುವ ಜಾಗ. ಮುಂದೆ ದಢೂತಿ ಆಳುಗಳ ಸಾಲು, ಅದರ ಹಿಂದೆ ಇವನು. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಗಿತ್ತ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಸಂದಿ ಕಂಡಲ್ಲಿ ನುಗ್ಗಬೇಕು. ಕಬಡ್ಡಿಯ ‘ದಾಳಿಗಾರ’ ಹತ್ತಿರದ ಪದವೇನೋ ಹೌದು. ಆದರೆ ಅವನು ಮುಟ್ಟಿ ತನ್ನ ಅಂಕಣಕ್ಕೆ ಮರಳಬೇಕು, ಇವನು ಮರಳಿದರೆ ನಷ್ಟ. ‘ಕಾಲಾಳು’ ಮಾದರಿಯಲ್ಲಿ ‘ನುಗ್ಗಾಳು’ ಆದೀತೇ? ನನಗೆ ಹಿಡಿಸಿದೆ. ಮನೆಯಲ್ಲಿ ಓದಿ ಹೇಳಿದರೆ ನುಗ್ಗೆಕಾಯಿ ನೆನಪಾಯಿತಂತೆ!

ಎರಡನೆಯದು ನಿಜವಾದ ತಲೆನೋವು. ‘ಗಜ’ ಕಷ್ಟವಲ್ಲ, 22 ಗಜದ ಪಿಚ್ ಎಲ್ಲರಿಗೂ ಗೊತ್ತು. ಸ್ಯಾಂಡರ್ಸ್ 1989ರಿಂದ 1998ರವರೆಗೆ ಡೆಟ್ರಾಯಿಟ್ ಲಯನ್ಸ್ ತಂಡದಲ್ಲಿ ಆಡಿ 15,269 ಗಜ... ಏನು ಮಾಡಿದ? ‘ಓಡಿದ’ ಎಂದರೆ ತಪ್ಪು. ಐದು ಗಜಕ್ಕಾಗಿ ಮೂವತ್ತು ಗಜ ಅಡ್ಡಾದಿಡ್ಡಿ ಸುತ್ತುವ ಆಸಾಮಿ ಅವನು. ಲೆಕ್ಕಕ್ಕೆ ಬರುವುದು ನೇರ ಮುಂದೆ ಹೋದಷ್ಟೇ. ‘ಮುನ್ನಡೆ’ ಹೇಳಿ ಮಾಡಿಸಿದಂತಿದೆ, ಆದರೆ ಕ್ರೀಡಾಪುಟಗಳು ಅದನ್ನು ಎದುರಾಳಿಗಿಂತ ಮುಂದಿರುವ ಅಂತರಕ್ಕೆ ಬರೆದುಕೊಟ್ಟುಬಿಟ್ಟಿವೆ. ‘1997ರಲ್ಲಿ 2,053 ಗಜ ಮುನ್ನಡೆ’ ಎಂದರೆ ಓದುಗ ‘ಯಾರ ಮೇಲೆ?’ ಎನ್ನುತ್ತಾನೆ.

‘ಗಳಿಸಿದ’ ಎನ್ನೋಣವೆಂದರೆ 1994ರ ಡಿಸೆಂಬರ್ 31ರ ಪ್ಲೇಆಫ್ ಪಂದ್ಯ ಅಡ್ಡ ಬರುತ್ತದೆ. ಗ್ರೀನ್ ಬೇ ಪ್ಯಾಕರ್ಸ್ ಅವತ್ತು ಅವನನ್ನು ಕಟ್ಟಿಹಾಕಿದ್ದು ಹೇಗೆಂದರೆ, 13 ಸಲ ಚೆಂಡು ಹಿಡಿದು ನುಗ್ಗಿಯೂ ಒಟ್ಟು ಲೆಕ್ಕ ಮೈನಸ್ 1 ಗಜ. ‘ಮೈನಸ್ 1 ಗಜ ಗಳಿಸಿದ’ ಎಂದು ಬರೆಯಲು ಕೈ ಬಾರದು. ‘ಹಿನ್ನಡೆ’ ಅಕ್ಷರಶಃ ಸರಿ, ಆದರೆ ಆ ಪದದೊಳಗಿನ ನಡಿಗೆ ಈಗ ಯಾರಿಗೆ ಕೇಳಿಸುತ್ತದೆ?

ಸದ್ಯಕ್ಕೆ ‘ಮುಂದೆ ಸರಿದ’, ‘ಹಿಂದೆ ಸರಿದ’ ಎಂದು ಇಟ್ಟುಕೊಂಡಿದ್ದೇನೆ. ಅದರಲ್ಲೂ ಒಂದು ಪೇಚು. ಇದೇ ಸ್ಥಾನದ ಹಿಂದಿನ ಆಟಗಾರ ವಾಲ್ಟರ್ ಪೇಟನ್ನನ ಒಟ್ಟು 16,726 ಗಜದ ದಾಖಲೆಗೆ 1,457 ಗಜ ಬಾಕಿಯಿರುವಾಗ, 1999ರ ಜುಲೈನಲ್ಲಿ, ಸ್ಯಾಂಡರ್ಸ್ ತನ್ನೂರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ಆಟ ಬಿಟ್ಟ. ಅಲ್ಲಿ ‘ಹಿಂದೆ ಸರಿದ’ ಎಂದು ಬರೆದಿದ್ದೆ. ಕರಡು ಓದಿದ ಗೆಳೆಯರೊಬ್ಬರು ‘ಎಷ್ಟು ಗಜ?’ ಎಂದು ಕೇಳಿದರು.

ಬೇರೆ ಕ್ರಿಯಾಪದ ಹೊಳೆದರೆ ತಿಳಿಸಿ.